ಕುರುಡು ಮೀನಿನ ಪಾಠ

ಒಲೀಟಾ ಪ್ರೂಯಿಟ್ ಸಿಟ್ಟಿನ ಹೆಂಗಸು ಎನ್ನುವುದು ಫ್ಲಿಂಟ್ ಫೋರ್ಕ್ ಊರಿಗೆಲ್ಲ ಗೊತ್ತಿದ್ದದ್ದೇ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಅವಳ ಕೈಕೆಳಗೆ ಕಲಿಯದವರು ಆ ಊರಿನಲ್ಲಿ ಕಡಿಮೆ, ಅವಳ ಬೈಗುಳ ತಿನ್ನದವರು ಇನ್ನೂ ಕಡಿಮೆ. ಬೈಸಿಕೊಂಡವರೇ ಮದುವೆಗೆ, ಸಾವಿಗೆ, ಮಗುವಿನ ಜ್ವರಕ್ಕೆ ಮೊದಲು ಕರೆಯುತ್ತಿದ್ದದ್ದೂ ಅವಳನ್ನೇ. ಅವಳ ಸಿಟ್ಟು ಬೇಸಿಗೆಯ ಗುಡುಗಿನಂಥದ್ದು. ಬಂದಷ್ಟೇ ಬೇಗ ಗುಡ್ಡ ದಾಟಿ ಹೋಗುತ್ತಿತ್ತು. ಆದರೆ ೧೯೭೯ರ ಅಕ್ಟೋಬರಿನ ಒಂದು ಭಾನುವಾರ ಬಂದ ಸಿಟ್ಟು ಹಾಗೆ ಹೋಗಲಿಲ್ಲ.

ಆ ಬೆಳಿಗ್ಗೆ ಅವಳು ಎಂದಿನಂತೆ ಬ್ಯಾಪ್ಟಿಸ್ಟ್ ಚರ್ಚಿನ ಪಿಯಾನೊ ಮುಂದೆ ಕೂತಿದ್ದಳು. ಕಾಲು ಪೆಡಲಿಗೆ ಎಟುಕದ ವಯಸ್ಸಿನಿಂದ ಅವಳು ನುಡಿಸಿಕೊಂಡು ಬಂದ ಪಿಯಾನೊ ಅದು. ಆಗ ಪೀಠದಲ್ಲಿ ನಿಂತು ಪ್ರಸಂಗ ಮಾಡುತ್ತಿದ್ದವನು ಅವಳ ಅಪ್ಪ ಎಜ್ರಾ. ಈಗ ಅಲ್ಲಿ ನಿಂತವನು ತಮ್ಮ ಹಾಲಿಸ್, ಆ ಚರ್ಚಿನ ಸಭೆಯ ಪಾಲಕ, ಅಂದರೆ ಪಾದ್ರಿ. ಹಾಲಿಸ್‌ನದು ಜೇನಿನಂಥ ದನಿ. ಅವನು ಬಾಯಿ ತೆರೆದರೆ ಅಳುವ ಮಗು ಕೂಡ ಸುಮ್ಮನಾಗುತ್ತಿತ್ತು.

"ನಮ್ಮ ಮಕ್ಕಳನ್ನ ಶಾಲೆಗೆ ಯಾತಕ್ಕೆ ಕಳಿಸ್ತೀವಿ?" ಎಂದು ಅವನು ಕೇಳಿದ. "ನಾಲ್ಕಕ್ಷರ ಕಲೀಲಿ ಅಂತ. ಅಲ್ಲಿ ಅವರಿಗೆ ಹೇಳ್ಕೊಡೋದೇನು? ನಿಮ್ಮ ಮುತ್ತಜ್ಜ ಕೆಸರಲ್ಲಿದ್ದ ಮೀನು ಅಂತ. ದೇವರೇ ಇಲ್ಲ ಅಂತ. ಹೇಳ್ಕೊಡೋರು ನ್ಯೂಯಾರ್ಕಿಂದ ಬಂದೋರಲ್ಲ. ಇಲ್ಲೇ, ನಮ್ಮ ನಡುವೇನೇ ಕೂತು ಸ್ತುತಿಗೀತೆಗೆ ಸ್ವರ ಹಿಡೀತಾರೆ. ನನ್ನ ರಕ್ತಾನೇ ಆದ್ರೂ ನಾನು ಹೇಳದೆ ಬಿಡೋನಲ್ಲ."

ಎಲ್ಲರ ತಲೆಗಳೂ ಪಿಯಾನೊ ಕಡೆಗೆ ತಿರುಗಿದವು. ಅವಳು ಪಿಯಾನೊದ ಮುಚ್ಚಳ ಇಳಿಸಿ ಎದ್ದಳು. ಪಕ್ಕದ ಬಾಗಿಲು ಕೈಯಳತೆಯಲ್ಲೇ ಇತ್ತು. ಅವಳು ಅದರತ್ತ ಹೋಗಲಿಲ್ಲ. ಬೆಂಚುಗಳ ನಟ್ಟನಡುವಿನ ದಾರಿ ಹಿಡಿದು, ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಡೆದಳು. ಮುಂದಿನ ಬೆಂಚಿನಲ್ಲಿದ್ದ ಗಾರ್ಲಂಡ್ ಹಕಬಿ, ಸಭೆಯ ಹಿರಿಯ, ಊರಿನ ಅರ್ಧ ಕೋಳಿ ಶೆಡ್ಡುಗಳ ಒಡೆಯ, ಶಾಲಾ ಮಂಡಳಿಯ ಅಧ್ಯಕ್ಷ, ಮೆಲ್ಲಗೆ ಅಂದ:

"ಕೂತ್ಕೊಳ್ಳಿ ಮಿಸ್ ಒಲೀಟಾ. ಕೊನೇ ಹಾಡು ಇನ್ನೂ ಇದೆ."

"ನೀನೇ ಹಾಡ್ಕೋ ಗಾರ್ಲಂಡ್. ಇವತ್ತು ಅಪಸ್ವರ ಯಾರಿಗೂ ಗೊತ್ತಾಗಲ್ಲ."

ಅವಳು ಬಾಗಿಲಾಚೆ ಬಂದಳು. ಕಾರಿನೊಳಗೆ ಕೂತು ಸ್ಟೀರಿಂಗನ್ನು ಮುಷ್ಟಿಯಿಂದ ಗುದ್ದಿದಳು. ಒಳಗೆ ಪಿಯಾನೊ ಇಲ್ಲದೆಯೇ ಹಾಡು ಶುರುವಾಗಿತ್ತು.

ಬೇರೆ ಯಾರು ಅಂದಿದ್ದರೂ ಅವಳು ಬಾಯಿಗೆ ಬಂದಂತೆ ಬೈದು ಮರೆಯುತ್ತಿದ್ದಳು. ಅಂದವನು ಹಾಲಿಸ್. ಅವನನ್ನು ಹೆತ್ತ ವಾರದಲ್ಲೇ ತಾಯಿ ತೀರಿಕೊಂಡಿದ್ದಳು. ಆಗ ಒಲೀಟಾಳಿಗೆ ಹತ್ತು ವರ್ಷ. ಹಸುವಿನ ಹಾಲಿಗೆ ನೀರು ಬೆರೆಸಿ ಕುಡಿಸಿದವಳು, ಬಟ್ಟೆ ಒಗೆದವಳು, ದಡಾರ ಬಂದಾಗ ಪಕ್ಕದಲ್ಲಿ ಮಲಗಿದವಳು ಅವಳೇ. ಅವನ ಪುಟ್ಟ ಕೈಗಳನ್ನು ಜೋಡಿಸಿ ಪ್ರಾರ್ಥನೆ ಹೇಳಿಕೊಟ್ಟವಳೂ ಅವಳೇ. ಮದುವೆಯ ಮಾತು ಬಂದಾಗಲೆಲ್ಲ "ನನ್ನ ಮಗುವಿಗೆ ಮೊದಲು ಗಡ್ಡ ಬರಲಿ" ಎಂದು ನಗುತ್ತಿದ್ದಳು. ಗಡ್ಡ ಬರುವಷ್ಟರಲ್ಲಿ ಕೇಳುವವರು ಯಾರೂ ಉಳಿದಿರಲಿಲ್ಲ.

ಅವರ ಮನೆಯ ಹಿಂದಿನ ಗುಡ್ಡದಲ್ಲಿ ಒಂದು ಗುಹೆ. ಅದರೊಳಗೆ ಸುಣ್ಣಕಲ್ಲಿನ ನಡುವೆ ಹರಿಯುವ ನೀರು, ಬಿರುಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ. ಹಾಲಿಸ್ ಆರು ವರ್ಷದವನಿದ್ದಾಗ ಅವಳು ಅವನನ್ನು ಕಂಕುಳಲ್ಲಿ ಎತ್ತಿಕೊಂಡು, ಲಾಟೀನು ಹಿಡಿದು, ಮೊಣಕಾಲುದ್ದ ನೀರಿನಲ್ಲಿ ಒಳಗೆ ಹೋಗಿದ್ದಳು. ಬೆರಳುದ್ದದ ಬಿಳಿ ಮೀನನ್ನು ಮೊದಲು ಕಂಡವನು ಹುಡುಗನೇ. ಉಪ್ಪಿನಕಾಯಿಯ ಗಾಜಿನ ಶೀಷೆಯಲ್ಲಿ ಅದನ್ನು ಹಿಡಿದು ಲಾಟೀನಿಗೆ ಒಡ್ಡಿದರು.

"ಅಕ್ಕ, ಇದರ ಕಣ್ಣೆಲ್ಲಿ?"

ಅವಳಿಗೆ ಗೊತ್ತಿರಲಿಲ್ಲ. ಶೀಷೆಯನ್ನು ಅಪ್ಪನ ಬಳಿ ತಂದರು. ಎಜ್ರಾ ವಾರವೆಲ್ಲ ಕಮ್ಮಾರ, ಭಾನುವಾರ ಬೋಧಕ. ಮಸಿ ಹತ್ತಿದ ಕೈಯಲ್ಲಿ ಶೀಷೆ ತಿರುಗಿಸಿ ತಿರುಗಿಸಿ ನೋಡಿದ.

"ನನಗೂ ಗೊತ್ತಿಲ್ಲ ಕಣ್ರೋ," ಅಂದ. "ಗೊತ್ತಿಲ್ಲದ್ದನ್ನ ಗೊತ್ತಿದೆ ಅಂದ್ರೆ ಅದೂ ಸುಳ್ಳು ಸಾಕ್ಷೀನೇ. ಹೋಗಿ ನೀರಿಗೆ ಬಿಟ್ಟು ಬನ್ನಿ, ಪಾಪ."

ಮುಂದೆ ಒಲೀಟಾ ಶಿಕ್ಷಕರ ಕಾಲೇಜಿಗೆ ಹೋದಳು. ಅಲ್ಲಿ ಉತ್ತರ ಸಿಕ್ಕಿತು. ಊರಿಗೆ ಬಂದು ರಾತ್ರಿಯೂಟದ ಹೊತ್ತಿಗೆ, ಬೇಯಿಸಿದ ಹುರುಳಿಕಾಯಿ ಮತ್ತು ಜೋಳದ ರೊಟ್ಟಿಯ ಮುಂದೆ, ಅಪ್ಪನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಎಜ್ರಾ ಅಗಿಯುವುದನ್ನು ನಿಲ್ಲಿಸಿ ಕೇಳಿದ. "ದೇವರು ಹೇಗೆ ಮಾಡಿದ ಅಂತ ನನ್ನನ್ನ ಕೇಳಿ ಮಾಡಲಿಲ್ಲವಲ್ಲ," ಅಂದ ಕೊನೆಗೆ. "ನೀನು ಹೇಳೋದು ನನ್ನ ತಲೆಗೆ ಹತ್ತಲ್ಲ. ಆದ್ರೆ ಮೀನಿಗೆ ಕಣ್ಣಿಲ್ಲ ಅನ್ನೋದು ದಿಟ." ಅವನು ಸಾಯುವ ತನಕ ಬೈಬಲಿನ ಆದಿಕಾಂಡ ಹೇಳುವ ಸೃಷ್ಟಿಯ ಆರು ದಿನಗಳನ್ನು ಅಕ್ಷರಶಃ ನಂಬಿದ. ಅವಳು ಲಕ್ಷಾಂತರ ವರ್ಷಗಳನ್ನು ನಂಬಿದಳು, ದೇವರನ್ನೂ ನಂಬಿದಳು. ಆ ಮನೆಯಲ್ಲಿ ಅದಕ್ಕಾಗಿ ಒಂದು ತಟ್ಟೆಯೂ ಒಡೆಯಲಿಲ್ಲ.

ಪ್ರತಿ ವರ್ಷ ಎಲೆ ಉದುರುವ ಕಾಲದಲ್ಲಿ ಅವಳು ತರಗತಿಯ ಮಕ್ಕಳನ್ನು ಆ ಗುಹೆಗೆ ಕರೆದೊಯ್ಯುತ್ತಿದ್ದಳು. "ಕಣ್ಣು ಕೆಟ್ಟು ಹುಟ್ಟಿದ ಮೀನು ಹೊರಗಡೆ ಹೊಳೇಲಿದ್ರೆ ಸಂಜೆಯೊಳಗೆ ಯಾರದೋ ಬಾಯಿಗೆ ಬೀಳುತ್ತೆ," ಎನ್ನುತ್ತಿದ್ದಳು. "ಈ ಕತ್ತಲಲ್ಲಿ ಕಣ್ಣಿದ್ದೋನೂ ಒಂದೇ, ಇಲ್ಲದೋನೂ ಒಂದೇ. ಕೆಟ್ಟ ಕಣ್ಣಿನದ್ದೂ ಬದುಕುತ್ತೆ, ಮರಿ ಮಾಡುತ್ತೆ. ಬೇಡದ ಕಣ್ಣಿಗೆ ಮೈ ಯಾಕೆ ಕೂಳು ಹಾಕ್ಬೇಕು? ಹೀಗೇ ಸಾವಿರಾರು ತಲೆಮಾರು ನಡೀಲಿ. ಕೊನೆಗೆ ಚರ್ಮದ ಕೆಳಗೆ ಕಣ್ಣಿದ್ದ ಗುರುತು ಮಾತ್ರ ಉಳಿಯುತ್ತೆ." ಯಾರಾದರೂ ದೇವರ ಮಾತೆತ್ತಿದರೆ, "ಅದನ್ನ ಭಾನುವಾರ ಬಂದು ಕೇಳು, ಪಿಯಾನೊ ಹತ್ತಿರ ಇರ್ತೀನಿ. ಇವತ್ತು ಮೀನಿನ ವಿಷಯ ಕೇಳು" ಎನ್ನುತ್ತಿದ್ದಳು. ಹಾಲಿಸ್ ಕೂಡ ಅವಳ ತರಗತಿಯಲ್ಲಿ ಕೂತು ಈ ಮಾತು ಕೇಳಿದ್ದವನೇ.

ಹೀಗೆ ಮೂವತ್ತು ಚಿಲ್ಲರೆ ವರ್ಷ ಕಳೆದವು. ಊರಿಗೆ ಬೆಂಕಿ ಬಿದ್ದದ್ದು ೧೯೭೯ರ ಬೇಸಿಗೆಯಲ್ಲಿ, ಜನರ ನಂಬಿಕೆ ಗಟ್ಟಿಮಾಡಲು ಚರ್ಚು ನಡೆಸುವ ಉಜ್ಜೀವನ ಸಭೆಯಲ್ಲಿ. ಗಾರ್ಲಂಡ್ ಹಕಬಿ ತನ್ನ ಖರ್ಚಿನಲ್ಲಿ ಟೆಕ್ಸಸ್‌ನಿಂದ ಒಬ್ಬ ಭಾಷಣಕಾರನನ್ನು ಕರೆಸಿದ್ದ. ಹೆಸರು ಡಾಕ್ಟರ್ ಎಸ್ಟಿಸ್. ಯಾವುದರ ಡಾಕ್ಟರ್ ಎಂದು ಯಾರೂ ಕೇಳಲಿಲ್ಲ. ಅವನು ಪರದೆಯ ಮೇಲೆ ಚಿತ್ರ ಬಿಡುತ್ತ, ಭೂಮಿಗೆ ಆರು ಸಾವಿರ ವರ್ಷ ಎಂದೂ, ಬಂಡೆಗಳೆಲ್ಲ ನೋಹನ ಜಲಪ್ರಳಯದ ಕೆಸರು ಎಂದೂ, ಇದೇ ನಿಜವಾದ ವಿಜ್ಞಾನ ಎಂದೂ ಹೇಳಿದ. ಪ್ರಶ್ನೆ ಕೇಳಬಹುದು ಎಂದಾಗ ಒಲೀಟಾ ಎದ್ದಳು.

"ನಮ್ಮ ಗುಡ್ಡದ ಗುಹೇಲಿ ಒಂದು ಮೀನಿದೆ. ಅದಕ್ಕೆ ಕಣ್ಣಿನ ಗುಂಡಿ ಇದೆ, ಕಣ್ಣಿಲ್ಲ. ಅದರ ಬಗ್ಗೆ ನಿಮ್ಮ ವಿಜ್ಞಾನ ಏನನ್ನುತ್ತೆ?"

"ಪಾಪದ ಫಲ," ಅಂದ ಎಸ್ಟಿಸ್. "ಆದಾಮ ಬಿದ್ದ ದಿನದಿಂದ ಸೃಷ್ಟಿ ಸವೀತಾ ಇದೆ. ಕಳಕೊಂಡಿದ್ದನ್ನ ವಿಕಾಸ ಅಂತಾರೇನಮ್ಮ?"

"ಆದಾಮ ಹಣ್ಣು ತಿಂದ, ಕಣ್ಣು ಹೋಗಿದ್ದು ಮೀನಿಗೆ. ಇದ್ಯಾವ ನ್ಯಾಯ?"

ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ಎಸ್ಟಿಸ್‌ನ ಮುಖ ಕೆಂಪಾಯಿತು. "ಮಕ್ಕಳಿಗೆ ದೇವರಿಲ್ಲ ಅಂತ ಹೇಳ್ಕೊಡೋ ಟೀಚರಮ್ಮ ನ್ಯಾಯದ ಮಾತಾಡ್ತಾರೆ ನೋಡಿ," ಅಂದ. ಈಗ ಚಪ್ಪಾಳೆ ಬಿತ್ತು. ಅವಳು ಹಾಗೆ ಯಾವತ್ತೂ ಹೇಳಿರಲಿಲ್ಲ. ಅದು ಗೊತ್ತಿದ್ದವನು ವೇದಿಕೆಯ ಮೇಲೇ ಕೂತಿದ್ದ. ಅವಳು ಅವನ ಕಡೆ ನೋಡಿದಳು. ಹಾಲಿಸ್ ಟೈ ಸರಿಮಾಡಿಕೊಂಡ.

ಆ ಮೌನವೇ ಅಕ್ಟೋಬರಿನ ಹೊತ್ತಿಗೆ ಪ್ರಸಂಗವಾಗಿ ಬೆಳೆದದ್ದು.

ಪಿಯಾನೊ ಮುಚ್ಚಿದ ಮಾರನೆಯ ಸಂಜೆ ಅವಳು ಹಾಲಿಸ್‌ನನ್ನು ಹುಡುಕಿಕೊಂಡು ಹೋದಳು. ಅವನು ಚರ್ಚಿನ ಹಿತ್ತಲಲ್ಲಿ, ಹೊಸ ಸಭಾಂಗಣದ ತಳಪಾಯ ನೋಡುತ್ತ ನಿಂತಿದ್ದ. ಗಾರ್ಲಂಡ್ ಕಟ್ಟಿಸಿಕೊಡುತ್ತಿದ್ದ ಸಭಾಂಗಣ ಅದು.

"ಲೋ ಹಾಲಿಸ್, ದೇವರಿಲ್ಲ ಅಂತ ನಾನು ಯಾವತ್ತು ಹೇಳಿದೆನೋ?"

"ಅಕ್ಕ, ಮಾತಿನ ತಾತ್ಪರ್ಯ ಹಿಡ್ಕೋ. ನೀನು ಬಾಯಿಬಿಟ್ಟು ಹೇಳಿದೆ ಅಂತಲ್ಲ. ಆ ಪಾಠ ಕೇಳಿದ ಮಕ್ಕಳು ಕೊನೆಗೆ ಹೋಗಿ ಮುಟ್ಟೋದು ಅಲ್ಲಿಗೇನೇ."

"ಹಾಗಂತ ಹೇಳ್ಬೇಕಿತ್ತು. ನಾನೇ ಹೇಳ್ಕೊಟ್ಟೆ ಅಂತ ಯಾಕೆ ಹೇಳ್ದೆ?"

"ಜನಕ್ಕೆ ಬಿಡಿಸಿ ಹೇಳಿದ್ರೆ ತಲೆಗೆ ಹೋಗಲ್ಲ."

"ಅದಕ್ಕೆ ಸುಳ್ಳು ಹೇಳ್ದೆ."

"ಆತ್ಮಗಳನ್ನ ಉಳಿಸೋ ಕೆಲಸ ಅಕ್ಕ ಇದು. ನಿನಗೆ ಅರ್ಥ ಆಗಲ್ಲ."

"ನನಗಾ? ನಿನಗೆ ಪ್ರಾರ್ಥನೆ ಕಲಿಸಿದೋರು ಯಾರೋ? ಎಸ್ಟಿಸ್ ಬಂದು ಕಲಿಸಿದನೇನು?" ಅವಳ ದನಿ ಏರಿತು. "ನಿನಗೆ ಆರು ದಿನ ಅನ್ನಿಸಿದ್ರೆ ಆರು ದಿನ ಅನ್ನು, ಅಪ್ಪನೂ ಅಂದ. ನಾನು ತಕರಾರು ಮಾಡಿದ್ನಾ? ನನ್ನ ಬಾಯಿಂದ ಬಾರದ ಮಾತನ್ನ ನನ್ನ ಬಾಯಿಗೆ ತುರುಕಬೇಡ. ಬರೋ ಭಾನುವಾರ ಅಲ್ಲೇ ನಿಂತು, 'ಅಕ್ಕನ ಬಗ್ಗೆ ನಾನು ತಪ್ಪು ಹೇಳ್ದೆ' ಅಂತ ಹೇಳು. ಅಷ್ಟೇ ಸಾಕು."

ಹಾಲಿಸ್ ತಳಪಾಯದ ಕಡೆ ನೋಡಿದ. "ಈ ವರ್ಷ ಒಂದು ಆ ಅಧ್ಯಾಯ ಬಿಟ್ಬಿಡು ಅಕ್ಕ. ಎಲ್ಲ ತಣ್ಣಗಾಗುತ್ತೆ. ಗಾರ್ಲಂಡ್ ಜೊತೆ ನಾನು ಮಾತಾಡ್ತೀನಿ."

ಅವಳಿಗೆ ಅಳು ಬಂದಂತಾಯಿತು; ಅದನ್ನು ಅವನಿಗೆ ಕಾಣಗೊಡಲು ಮನಸ್ಸಿರಲಿಲ್ಲ. "ನೀನು ನಂಬ್ಕೊಂಡು ಹೀಗೆ ಮಾಡಿದ್ರೆ ಕ್ಷಮಿಸ್ತಿದ್ದೆ," ಎಂದು ಹೇಳಿ ಹಿಂತಿರುಗಿ ನಡೆದಳು.

ಮುಂದಿನ ತಿಂಗಳು ಶಾಲಾ ಮಂಡಳಿ ನಿರ್ಣಯ ಮಾಡಿತು: ವಿಕಾಸವಾದ ಎಷ್ಟು ಹೊತ್ತು ಕಲಿಸುತ್ತಾರೋ ಅಷ್ಟೇ ಹೊತ್ತು ಎಸ್ಟಿಸ್‌ನ ಪುಸ್ತಿಕೆಯಿಂದ ಸೃಷ್ಟಿಯನ್ನೂ ವಿಜ್ಞಾನವೆಂದೇ ಕಲಿಸಬೇಕು. ಒಲೀಟಾ ಮಂಡಳಿಯ ಮುಂದೆ ನಿಂತು ಆಗುವುದಿಲ್ಲ ಎಂದಳು. "ಆದಿಕಾಂಡ ಹೇಳ್ಕೊಡಿ ಅಂದ್ರೆ ಸಂಡೇ ಸ್ಕೂಲಲ್ಲಿ ಹೇಳ್ಕೊಡ್ತೀನಿ. ನೀವೆಲ್ಲ ನನ್ನ ಹತ್ತಿರಾನೇ ಕಲಿತೋರು. ಈ ಮನುಷ್ಯನ ಪುಸ್ತಿಕೇನ ವಿಜ್ಞಾನ ಅಂತ ಹೇಳ್ಕೊಡಿ ಅಂದ್ರೆ ಆಗಲ್ಲ. ಇದು ವಿಜ್ಞಾನಕ್ಕೂ ಮೋಸ, ಆದಿಕಾಂಡಕ್ಕೂ ಮೋಸ."

ಗಾರ್ಲಂಡ್ ತಾಳ್ಮೆಯಿಂದಲೇ ಕೇಳಿದ. ತಾಳ್ಮೆಯಿಂದಲೇ ಅವಳನ್ನು ಜೀವಶಾಸ್ತ್ರದಿಂದ ತೆಗೆದು, ಹುಡುಗಿಯರಿಗೆ ಅಡುಗೆ ಹೊಲಿಗೆ ಕಲಿಸುವ ಕೋಣೆಗೆ ಹಾಕಿದ. ಅವಳ ತರಗತಿಯನ್ನು ಫುಟ್‌ಬಾಲ್ ತರಬೇತುದಾರನಿಗೆ ಕೊಟ್ಟರು. ಅವನು ಒಳ್ಳೆಯವನೇ, ಸೃಷ್ಟಿಯನ್ನೂ ಕಲಿಸಲಿಲ್ಲ, ವಿಕಾಸವನ್ನೂ ಕಲಿಸಲಿಲ್ಲ, ಆ ಎರಡು ಪಾಠಗಳ ಹೊತ್ತಿನಲ್ಲೂ ಮಕ್ಕಳಿಗೆ ಆಟದ ಫಿಲ್ಮ್ ತೋರಿಸಿದ.

ಊರು ಬದಲಾದದ್ದು ಸಣ್ಣಪುಟ್ಟದರಲ್ಲಿ. ದಿನಸಿ ಅಂಗಡಿಗೆ ಅವಳು ಹೋದರೆ ಮಾತು ನಿಲ್ಲುತ್ತಿತ್ತು. ಅವಳೇ ಸೂಲಗಿತ್ತಿಯ ಜೊತೆ ನಿಂತು ಕೈಗೆತ್ತಿಕೊಂಡಿದ್ದ ಮಗು ಈಗ ದೊಡ್ಡವಳಾಗಿ, ತನ್ನ ಮಗುವಿನ ಕೈ ಎಳೆದುಕೊಂಡು ರಸ್ತೆಯ ಆಚೆ ಬದಿಗೆ ದಾಟಿದಳು. ಒಂದು ಬೆಳಿಗ್ಗೆ ಅವಳ ಜಗಲಿಯ ಮೇಲೆ ಯಾರೋ ಬಾಳೆಹಣ್ಣಿನ ಗೊನೆಯನ್ನೇ ಇಟ್ಟು ಹೋಗಿದ್ದರು, ಜೊತೆಗೊಂದು ಬಟ್ಟೆಯ ಕೋತಿ. ಕೋತಿಯ ಕೊರಳಿಗೆ ಅವಳ ಹೆಸರಿನ ಚೀಟಿ.

ಒಲೀಟಾ ಗೊನೆಯನ್ನು ಒಳಗೆ ತಂದಳು. ಮೊಟ್ಟೆ, ಹಾಲು, ಸಕ್ಕರೆ ಹಾಕಿ ದೊಡ್ಡ ಪಾತ್ರೆಯ ತುಂಬ ಬಾಳೆಹಣ್ಣಿನ ಪುಡಿಂಗ್ ಮಾಡಿದಳು. ಅದನ್ನು ಹೊತ್ತುಕೊಂಡು ಹೋಗಿ ಶಾಲಾ ಮಂಡಳಿಯ ಸಭೆಯ ನಡುವೆ, ಗಾರ್ಲಂಡ್‌ನ ಕಾಗದಗಳ ಮೇಲೆಯೇ ಇಟ್ಟಳು.

"ಯಾರೋ ಹಣ್ಣು ಕಳಿಸಿದ್ರು. ಚೆನ್ನಾಗಿತ್ತು. ನನ್ನನ್ನ ಅಡುಗೆಗೆ ಹಾಕಿದೀರಲ್ಲ, ನೋಡಿ, ರುಚಿ ಹೇಗಿದೆ."

ಯಾರೂ ಚಮಚ ಮುಟ್ಟಲಿಲ್ಲ. "ತಿನ್ರೋ," ಅಂದಳು. "ಕೋತಿ ಮಾಡಿದ್ದು ಅಂತ ಹೇಸಿಗೇನಾ?" ಎದುರಿಗೆ ಕೂತಿದ್ದ ಇಬ್ಬರು ತಲೆ ತಗ್ಗಿಸಿ, ಹಳೆಯ ವಿದ್ಯಾರ್ಥಿಗಳಂತೆಯೇ, ತಿಂದರು.

ಮೊಕದ್ದಮೆ ಹಾಕಿದವಳು ಒಲೀಟಾ ಅಲ್ಲ, ಮಾರ್ವೆಲಾ ಟೇಟ್. ಆಕೆ ಮೆಥಡಿಸ್ಟ್ ಚರ್ಚಿನವಳು, ಮೂರು ಮಕ್ಕಳ ತಾಯಿ. "ನನ್ನ ಮಕ್ಕಳಿಗೆ ಧರ್ಮ ಹೇಳ್ಕೊಡೋಕೆ ಬ್ಯಾಪ್ಟಿಸ್ಟರ ಕೋಳಿ ವ್ಯಾಪಾರಿ ಯಾರು?" ಎನ್ನುವುದು ಆಕೆಯ ವಾದ. ಅವಳ ಪರವಾಗಿ ಸೇಂಟ್ ಲೂಯಿಸ್‌ನಿಂದ ಒಬ್ಬ ಎಳೆಯ ವಕೀಲ ಬಂದ. ಒಲೀಟಾಳ ಅಡುಗೆಮನೆಯಲ್ಲಿ ಕೂತು, ಅವಳ ಕಾಫಿ ಕುಡಿಯುತ್ತ, ಸಾಕ್ಷಿಯಾಗಿ ಬರಬೇಕೆಂದು ಕೇಳಿಕೊಂಡ.

"ಈ ಜನದ ನಡುವೆ ನೀವೊಬ್ರು ಹೇಗಿದ್ದೀರಿ ಅಂತ ನನಗೆ ಆಶ್ಚರ್ಯ ಮೇಡಂ," ಅಂದ ನಗುತ್ತ. "ಈ ಕಾಲದಲ್ಲೂ ನೋಹನ ಹಡಗು ನಂಬೋ ದಡ್ಡರು."

ಒಲೀಟಾ ಅವನ ಮುಂದಿದ್ದ ಲೋಟವನ್ನು ಎತ್ತಿ ಸಿಂಕಿನಲ್ಲಿಟ್ಟಳು.

"ಕೇಳಪ್ಪ. ಇವರು ದಡ್ಡರಲ್ಲ. ನನ್ನಪ್ಪ ನೋಹನ ಹಡಗು ನಂಬಿದೋನೇ, ಇನ್ನೊಬ್ಬರ ಬಗ್ಗೆ ಒಂದು ಸುಳ್ಳು ಹೇಳದೆ ಸತ್ತ. ಇವರು ನನ್ನ ಜನ. ಬೈಯೋಕೆ ನಾನಿದ್ದೀನಿ, ನಿನ್ನ ಸಹಾಯ ಬೇಡ. ಕೋರ್ಟಲ್ಲಿ ನೀನು ಇವರನ್ನ ಹಂಗಿಸಿದ್ರೆ ನಾನು ಎದ್ದು ಬರ್ತೀನಿ."

ವಕೀಲ ಕ್ಷಮೆ ಕೇಳಿದ. ಅವನು ಹೋದ ಮೇಲೂ ಅವಳ ಸಿಟ್ಟು ಇಳಿಯಲಿಲ್ಲ. ಬಾಳೆಹಣ್ಣು ಇಟ್ಟವರ ಮೇಲೆ, ಅವರನ್ನು ನೋಡಿ ನಗುವವರ ಮೇಲೆ, ಎರಡು ಕಡೆಯಿಂದಲೂ ಉರಿ. ನಡುವೆ ಬೇಯುವವಳು ತಾನು ಅನ್ನಿಸಿತು.

ವಿಚಾರಣೆ ಸ್ಪ್ರಿಂಗ್‌ಫೀಲ್ಡಿನಲ್ಲಿ ನಡೆಯಿತು. ಊರಿನ ಜನ ಚರ್ಚಿನ ಬಸ್ಸಿನಲ್ಲಿ ಬಂದು ಹಿಂದಿನ ಸಾಲುಗಳನ್ನು ತುಂಬಿದರು. ಒಲೀಟಾ ಸಾಕ್ಷಿ ಹೇಳಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಸಂಜೆ ಬಂದು ಮಲಗಿದಳು. ಮಾರನೆಯ ದಿನ ಮಂಡಳಿಯ ವಕೀಲ ಹಾಲಿಸ್ ಪ್ರೂಯಿಟ್‌ನನ್ನು ಕರೆದ. ತರಗತಿಯಲ್ಲಿ ದೈವನಿಂದೆ ನಡೆಯುತ್ತಿತ್ತು, ಅದಕ್ಕಾಗಿಯೇ ಮಂಡಳಿ ಹೀಗೆ ಮಾಡಬೇಕಾಯಿತು ಎಂದು ತೋರಿಸುವುದು ಅವನ ಲೆಕ್ಕಾಚಾರ. ಸ್ವಂತ ತಮ್ಮನಿಗಿಂತ ದೊಡ್ಡ ಸಾಕ್ಷಿ ಯಾರು?

ಹಾಲಿಸ್ ಬೈಬಲ್ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದ. ಸಭೆಯ ಆತಂಕದ ಬಗ್ಗೆ, ಹೆತ್ತವರ ದುಗುಡದ ಬಗ್ಗೆ ಜೇನಿನಂಥ ದನಿಯಲ್ಲಿ ಹೇಳಿದ. ಅಕ್ಕನ ಹೆಸರು ತಾನಾಗಿ ಎತ್ತಲಿಲ್ಲ. ಆಮೇಲೆ ಸೇಂಟ್ ಲೂಯಿಸ್‌ನ ವಕೀಲ ಎದ್ದು ನಿಂತ.

"ಮಿಸ್ ಒಲೀಟಾ ದೇವರಿಲ್ಲ ಅಂತ ಕಲಿಸ್ತಾರೆ ಅಂತ ನೀವು ಪ್ರಸಂಗದಲ್ಲಿ ಹೇಳಿದ್ರಿ. ಹೌದಾ?"

"ಹೌದು."

"ನೀವೂ ಅವರ ವಿದ್ಯಾರ್ಥಿ. ಅವರ ಮನೇಲೇ ಬೆಳೆದವರು. ತರಗತೀಲಾಗಲಿ, ಮನೇಲಾಗಲಿ, ದೇವರಿಲ್ಲ ಅಂತ ಅವರು ಹೇಳಿದ್ದನ್ನ ನೀವು ಕೇಳಿದ್ದೀರಾ?"

ಹಾಲಿಸ್ ಹಿಂದಿನ ಸಾಲುಗಳ ಕಡೆ ನೋಡಿದ. ಗಾರ್ಲಂಡ್ ಹಕಬಿ ಮುಂದಕ್ಕೆ ಬಾಗಿದ. ನ್ಯಾಯಾಧೀಶರು ಉತ್ತರ ಕೊಡಬೇಕು ಎಂದರು. ಹಾಲಿಸ್‌ನ ದನಿ ಯಾರೋ ಬೇರೆಯವರದ್ದೆನ್ನುವಷ್ಟು ಒಣಗಿತ್ತು.

"ಇಲ್ಲ."

"ಯಾವತ್ತಾದ್ರೂ?"

"ಯಾವತ್ತೂ ಇಲ್ಲ. ನನಗೆ ಪ್ರಾರ್ಥನೆ ಕಲಿಸಿದ್ದೇ ಅವಳು."

ಹಿಂದಿನ ಸಾಲುಗಳಲ್ಲಿ ಗುಜುಗುಜು ಎದ್ದಿತು. ಮಾರ್ವೆಲಾ ಒಲೀಟಾಳ ಕೈ ಹಿಚುಕಿ, "ಗೆದ್ವಿ ಕಣೇ" ಎಂದಳು. ಒಲೀಟಾ ಕೈ ಬಿಡಿಸಿಕೊಂಡಳು. ತನಗೆ ಸಮಾಧಾನವಾಗಬೇಕಿತ್ತು ಎಂದು ಅವಳಿಗೆ ಗೊತ್ತು. ಬದಲಿಗೆ ಸಿಟ್ಟೇ ಬಂತು. ಹೇಳಲು ಅವನಿಗೆ ಬರುತ್ತಿತ್ತು. ಇಷ್ಟು ದಿನವೂ ಬರುತ್ತಿತ್ತು. ಅಂಗಡಿಯಲ್ಲಿ ಮಾತು ನಿಂತಾಗ, ಕೋತಿಯ ಕೊರಳಿಗೆ ಚೀಟಿ ಕಟ್ಟಿದಾಗ, ಒಂದೇ ಒಂದು ಭಾನುವಾರ ಈ ಮಾತು ಸಾಕಿತ್ತು.

ಹೊರಗಿನ ಪಡಸಾಲೆಯಲ್ಲಿ ಹಾಲಿಸ್ ಅವಳ ಹತ್ತಿರ ಬಂದ. ಅವನ ಕಣ್ಣು ಒದ್ದೆಯಾಗಿದ್ದವು.

"ಅಕ್ಕ, ಹೇಳಿದೆ ನೋಡು."

"ಜಡ್ಜ್ ಮುಂದೆ ನಿಜ ಹೇಳೋಕೆ ಬರುತ್ತೆ," ಅಂದಳು ಒಲೀಟಾ. "ದೇವರ ಮುಂದೆ ಬರಲಿಲ್ಲ. ನಿನಗೆ ಯಾರ ಭಯ ಜಾಸ್ತಿ ಅಂತ ಇವತ್ತು ಗೊತ್ತಾಯ್ತು."

ಅವನನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದಳು.

ತೀರ್ಪು ಮಾರ್ವೆಲಾ ಕಡೆಗಾಯಿತು. ಎಸ್ಟಿಸ್‌ನ ಪುಸ್ತಿಕೆ ಧರ್ಮಬೋಧನೆ, ಸರ್ಕಾರಿ ಶಾಲೆಯಲ್ಲಿ ವಿಜ್ಞಾನವಾಗಿ ಕಲಿಸುವಂತಿಲ್ಲ ಎಂದರು ನ್ಯಾಯಾಧೀಶರು. ಒಲೀಟಾಳಿಗೆ ಅವಳ ತರಗತಿ ವಾಪಸ್ಸು ಸಿಕ್ಕಿತು. ಚರ್ಚಿನಲ್ಲಿ ಇನ್ನೊಂದು ತೀರ್ಪಾಯಿತು. ಬ್ಯಾಪ್ಟಿಸ್ಟರಲ್ಲಿ ಪಾಲಕನನ್ನು ಇಟ್ಟುಕೊಳ್ಳುವುದೂ ಬಿಡುವುದೂ ಸಭೆಯ ಕೈಯಲ್ಲಿ. ಬುಧವಾರದ ಪ್ರಾರ್ಥನೆಯ ನಂತರ ಗಾರ್ಲಂಡ್ ಎದ್ದು ಹಾಲಿಸ್‌ನನ್ನು ಬಿಡಬೇಕೆಂದ, ಕೈಗಳು ಎದ್ದವು. ಸುಳ್ಳು ಹೇಳಿದ್ದಕ್ಕಾಗಿ ಅಲ್ಲ, ನಿಜ ಹೇಳಿದ್ದಕ್ಕಾಗಿ ಅವನನ್ನು ಹೊರಗೆ ಹಾಕಿದರು. ಈ ಸುದ್ದಿ ಕೇಳಿದಾಗ ಒಲೀಟಾ ಕಾರು ಹತ್ತಿ ನೇರ ಗಾರ್ಲಂಡ್‌ನ ಮನೆಗೆ ಹೋಗಿ, ಊಟದ ಮೇಜಿನ ಮುಂದೆ ಹೆಂಡತಿ ಮಕ್ಕಳ ಎದುರು, "ನನ್ನ ತಮ್ಮನ ಕೈಲಿ ಸುಳ್ಳು ಹೇಳಿಸಿ ಚಪ್ಪಾಳೆ ತಟ್ಟಿದೋನು ನೀನು. ನಿಜ ಹೇಳಿದ ದಿನ ಅವನ ಅನ್ನ ಕಿತ್ತೆ. ಥೂ" ಎಂದು ಹೇಳಿ ಬಂದಳು.

ಹಾಲಿಸ್‌ನ ಹೆಂಡತಿ ಹಿಂದೆಯೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಚರ್ಚಿನ ಮನೆ ಬಿಡಬೇಕಾಯಿತು. ಅವನು ಎರಡು ಪೆಟ್ಟಿಗೆ ಹಿಡಿದುಕೊಂಡು ಅಪ್ಪನ ಮನೆಯ ಜಗಲಿಗೆ ಬಂದು ನಿಂತ. ಒಲೀಟಾ ಜಾಲರಿ ಬಾಗಿಲಿನ ಒಳಗೆ ನಿಂತು ಅವನನ್ನು ನೋಡಿದಳು.

"ನನ್ನನ್ನ ಕ್ಷಮಿಸಿದೀಯಾ ಅಕ್ಕ?"

"ಇಲ್ಲ," ಅಂದಳು. "ಒಳಗೆ ಬಾ. ರೊಟ್ಟಿ ಆರ್ತಾ ಇದೆ."

ಅವನು ಹಿಂದಿನ ಕೋಣೆಯಲ್ಲಿ ಉಳಿದುಕೊಂಡ. ಕೋಳಿ ಆಹಾರದ ಲಾರಿ ಓಡಿಸುವ ಕೆಲಸ ಹಿಡಿದ. ಅದೇ ಮೇಜಿನಲ್ಲಿ ಇಬ್ಬರೂ ವರ್ಷಗಟ್ಟಲೆ ಉಂಡರು. ಊಟಕ್ಕೆ ಮುಂಚೆ ಪ್ರಾರ್ಥನೆ ಹೇಳುತ್ತಿದ್ದವಳು ಒಲೀಟಾ. ಅವನಿಗೆ ಆ ಮನೆಯಲ್ಲಿ ಅವಳು ಅದನ್ನು ಬಿಟ್ಟುಕೊಡಲಿಲ್ಲ. ಅವನು ಆರು ದಿನಗಳನ್ನು ಕೊನೆವರೆಗೂ ನಂಬಿದ. "ಅದೊಂದು ನಿಜವಾಗ್ಲೂ ನಂಬಿದ್ದೆ ಕಣಕ್ಕ," ಎಂದು ಒಮ್ಮೆ ಹೇಳಿದ. "ಗೊತ್ತು," ಅಂದಳು, "ಅದಕ್ಕೆ ನಾನು ಯಾವತ್ತು ಬೈದೆ?"

ನಿವೃತ್ತಿಯಾಗಿ ಕೆಲವು ವರ್ಷಗಳಾದ ಮೇಲೆ ಅವಳಿಗೆ ಒಂದು ಸಂಗತಿ ತಿಳಿಯಿತು. ಶಾಲೆಯಲ್ಲಿ ಆ ಅಧ್ಯಾಯವನ್ನು ಯಾರೂ ಕಲಿಸುತ್ತಿರಲಿಲ್ಲ. ಅವಳು ಹೋಗಿ ಹೊಸ ಮುಖ್ಯೋಪಾಧ್ಯಾಯಿನಿಯನ್ನು ಕೇಳಿದಳು. ಅವಳೂ ಹಳೆಯ ವಿದ್ಯಾರ್ಥಿನಿಯೇ, ಹೆಸರು ಡೊರೀನ್.

"ಬೇಡ ಅಂತ ಯಾರೂ ಹೇಳಿಲ್ಲ ಮಿಸ್," ಅಂದಳು ಡೊರೀನ್. "ವರ್ಷದ ಕೊನೇಲಿ ಬರುತ್ತಲ್ಲ, ಸಮಯ ಸಿಗಲ್ಲ. ಸುಮ್ನೆ ಯಾಕೆ ಗಲಾಟೆ ಅಂತ..."

"ಗುಹೆಗೆ ಕರ್ಕೊಂಡು ಹೋಗಿದ್ನಲ್ಲೇ ನಿನ್ನ. ಬಾಯಿ ಬಿಟ್ಕೊಂಡು ನೋಡಿದ್ದೆ."

"ನನಗೆ ನೆನಪಿದೆ ಮಿಸ್. ಆದ್ರೆ ಈಗ ಕಾಲ..."

"ಕಾಲ ಅನ್ಬೇಡ. ಭಯ ಅನ್ನು. ಗಾರ್ಲಂಡ್ ಎದುರುಬದುರು ನಿಂತು ಜಗಳ ಆಡಿದ. ನೀವು ಜಗಳಾನೂ ಆಡದೆ ಅವನನ್ನ ಗೆಲ್ಲಿಸಿಬಿಟ್ರಿ."

ಆ ವರ್ಷ ಅವಳು ಎಪ್ಪತ್ತರ ಹತ್ತಿರದಲ್ಲಿ ಶಾಲಾ ಮಂಡಳಿಯ ಚುನಾವಣೆಗೆ ನಿಂತಳು. ಹಾಲಿಸ್ ಲಾರಿಯಲ್ಲಿ ಅವಳನ್ನು ಮನೆಮನೆಗೂ ಕರೆದೊಯ್ದ. ಕೆಲವರು ಇಬ್ಬರ ಮುಖದ ಮೇಲೂ ಬಾಗಿಲು ಹಾಕಿದರು. ಸೋತಳು. ಮತ್ತೆ ನಿಂತಳು, ಗೆದ್ದಳು. "ಮಿಸ್ ಒಲೀಟಾ ಹೇಳೋದು ಒಪ್ಪಲ್ಲ, ಆದ್ರೆ ಪಾಪ, ನಮ್ಮವಳು" ಎಂದು ಜನ ಓಟು ಹಾಕಿದರು. ಆ ಮಾತು ಕಿವಿಗೆ ಬಿದ್ದಾಗ ಗೆದ್ದ ಖುಷಿಯೂ ಸುಟ್ಟುಹೋಯಿತು.

ಮೊದಲ ಸಭೆಯಲ್ಲೇ ಅವಳು ಆ ಅಧ್ಯಾಯವನ್ನು ಬಿಡದೆ ಕಲಿಸಬೇಕು, ಶರತ್ಕಾಲದಲ್ಲೇ ಕಲಿಸಬೇಕು ಎಂದು ಪಟ್ಟು ಹಿಡಿದಳು. ಉಳಿದವರು ಛಾವಣಿ ನೋಡಿದರು, ಗಡಿಯಾರ ನೋಡಿದರು, ಆಮೇಲೆ ಒಪ್ಪಿದರು. ಅದರ ನಂತರ ಅವಳು 'ಸರಿ ಕಲಿಸ್ತೀವಿ' ಎಂಬ ಮಾತನ್ನು ನಂಬದೆ ಪ್ರತಿ ವರ್ಷ ಹೋಗಿ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಹೊಸ ಮೇಷ್ಟರಿಗೆ ಬೆವರು ಬರುತ್ತಿತ್ತು. ಮೊಣಕಾಲು ಸೋತು ಗುಹೆಗೆ ಇಳಿಯಲಾಗದ ವರ್ಷಗಳಲ್ಲಿ ಅವಳು ಹೊರಗೆ ಬಂಡೆಯ ಮೇಲೆ ಕೋಲೂರಿ ಕೂತು, ಒಳಗೆ ಹೋದ ಮೇಷ್ಟರಿಗೆ, "ಲಾಟೀನು ಕೆಳಗೆ ಹಿಡಿಯಯ್ಯ, ನೀರು ಕಲಕಬೇಡ" ಎಂದು ಗದರಿಸುತ್ತಿದ್ದಳು.